ಕಳ್ಳನಿಗೆ ಸಿಗಬಾರದ್ದು, ಮೊಮ್ಮಗನಿಗೆ ಸಿಗಲೇಬೇಕಾದದ್ದು

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಇಪ್ಪತ್ತು ವರ್ಷಗಳ ಮನೆಯ ಫೋಟೊ, ವಿಡಿಯೊ ಸೇರಿ ಸುಮಾರು 150 ಜಿಬಿ ಇದೆ. ತೀರಿಕೊಂಡ ನನ್ನ ತಂದೆಯವರು ಅರ್ಥ ಹೇಳಿದ ತಾಳಮದ್ದಳೆಗಳ 45 ಕ್ಯಾಸೆಟ್‌ಗಳನ್ನು ಈಚೆಗೆ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಜತೆಗೆ ಪಹಣಿ, ಕ್ರಯಪತ್ರ, ಆಧಾರ್, ಬ್ಯಾಂಕಿನ ಕಾಗದಗಳ ಸ್ಕ್ಯಾನ್ ಇವೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಬರಹಗಳೂ ಇವೆ. ಇಷ್ಟನ್ನೂ ಜೇಬಿನಲ್ಲಿ ಹಿಡಿಯುವ ಒಂದೇ ಸಾಧನದಲ್ಲಿ ಇಡಬೇಕೆಂದಿದ್ದೇನೆ. ಆನ್‌ಲೈನಿನಲ್ಲಿ 2 ಟಿಬಿ ಪೆನ್‌ಡ್ರೈವ್ 699 ರೂಪಾಯಿಗೆ ಕಾಣಿಸಿತು. ಕೊಳ್ಳಬಹುದೇ? ಎಸ್‌ಎಸ್‌ಡಿ ಒಳ್ಳೆಯದೋ ಹಾರ್ಡ್‌ಡಿಸ್ಕೋ? ಪಾಸ್‌ವರ್ಡ್ ಹಾಕಬೇಕೇ? ಮಗಳು ಬೆಂಗಳೂರಿನಲ್ಲಿದ್ದಾಳೆ, ಅವಳದು ಮ್ಯಾಕ್. ಕಡೆಯದಾಗಿ, ನನ್ನ ಹಳೆಯ 16 ಜಿಬಿ ಪೆನ್‌ಡ್ರೈವ್ ಚುಚ್ಚಿದರೆ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುತ್ತದೆ. ಮಾಡಲೇ?

ಉತ್ತರ: ಮೇಷ್ಟ್ರೇ, ಮೊದಲು ಆ 699 ರೂಪಾಯಿಯನ್ನು ಉಳಿಸಿಕೊಳ್ಳಿ. ಅದು ಮೋಸ. 2 ಟಿಬಿ ಪೆನ್‌ಡ್ರೈವ್ ಎನ್ನುವ ವಸ್ತುವೇ ಇಲ್ಲವೆಂದಲ್ಲ. ಕಿಂಗ್‌ಸ್ಟನ್ ಕಂಪನಿ 2017ರಲ್ಲಿಯೇ ಒಂದನ್ನು ತೋರಿಸಿತ್ತು. ಅದು ಹೆಬ್ಬೆರಳಿಗಿಂತ ದಪ್ಪ, ಬೆಲೆ ಲ್ಯಾಪ್‌ಟಾಪಿನ ಹತ್ತಿರ. ಒಳಗಿನ ಚಿಪ್ಪಿನ ಬೆಲೆಯೇ ಸಾವಿರಾರು ರೂಪಾಯಿ ಆಗುವಾಗ 699ಕ್ಕೆ ಯಾರೂ ಕೊಡುವುದಿಲ್ಲ.

ಈ ಮೋಸ ನಡೆಯುವ ರೀತಿ ತಿಳಿದಿದ್ದರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಒಳಗಿರುವುದು 32 ಅಥವಾ 64 ಜಿಬಿಯ ಚಿಪ್ಪು. ಆದರೆ ಅದನ್ನು ನಡೆಸುವ ಪುಟ್ಟ ನಿಯಂತ್ರಕಕ್ಕೆ ‘ನಾನು 2 ಟಿಬಿ’ ಎಂದು ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರ್ ಅದನ್ನು ನಂಬುತ್ತದೆ. ನೀವು ಫೋಟೊ ತುಂಬಿಸುತ್ತೀರಿ. ನಿಜವಾದ ಜಾಗ ಮುಗಿದ ಮೇಲೂ ಅದು ‘ತೆಗೆದುಕೊಂಡೆ’ ಎನ್ನುತ್ತಲೇ ಇರುತ್ತದೆ. ಬಂದದ್ದನ್ನು ಒಂದೋ ಹಳೆಯದರ ಮೇಲೆಯೇ ಬರೆಯುತ್ತದೆ, ಇಲ್ಲವೇ ಸುಮ್ಮನೆ ಚೆಲ್ಲಿಬಿಡುತ್ತದೆ. ಫೈಲಿನ ಹೆಸರುಗಳನ್ನು ಬರೆದಿಡುವ ಪಟ್ಟಿ ಆರಂಭದ ಜಾಗದಲ್ಲಿ ಇರುವುದರಿಂದ ಹೆಸರುಗಳೆಲ್ಲ ಸರಿಯಾಗಿ ಕಾಣಿಸುತ್ತವೆ. ತೆರೆದಾಗ ಮಾತ್ರ ಒಳಗೆ ಏನೂ ಇರುವುದಿಲ್ಲ. ತಳವಿಲ್ಲದ ಕಣಜಕ್ಕೆ ಭತ್ತ ಸುರಿದ ಹಾಗೆ. ಕೊಂಡವರಿಗೆ ಇದು ಗೊತ್ತಾಗುವುದು ತಿಂಗಳುಗಳ ನಂತರ, ಮೂಲವನ್ನೂ ಅಳಿಸಿಹಾಕಿದ ಮೇಲೆ.

ಆದ್ದರಿಂದ ಹೆಸರಾಂತ ಕಂಪನಿಯದ್ದನ್ನೇ ಕೊಂಡರೂ, ಅದರಲ್ಲಿ ಏನನ್ನಾದರೂ ಇಡುವ ಮೊದಲು ಒಮ್ಮೆ ಪೂರ್ತಿ ತುಂಬಿಸಿ ಓದಿ ನೋಡಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಇದೇ ಕೆಲಸಕ್ಕೆಂದೇ ಇವೆ. ಸಾಧನದ ಕೊನೆಯ ಮೂಲೆಯವರೆಗೂ ಗುರುತಿನ ದತ್ತಾಂಶ ಬರೆದು, ಮತ್ತೆ ಓದಿ, ಹೊಂದುತ್ತದೆಯೇ ಎಂದು ಹೇಳುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಹಾಕಿ ಮಲಗಿ. ಬೆಳಿಗ್ಗೆ ತಪ್ಪು ತೋರಿಸಿದರೆ ವಾಪಸು ಕಳಿಸುವ ಅವಧಿ ಇನ್ನೂ ಇರುತ್ತದೆ.

ಇನ್ನೊಂದು ಮಾತು, ಇದು ಮೋಸವಲ್ಲ: ನೀವು ಕೊಂಡ 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಂಗಡಿಯವನ ಜತೆ ಜಗಳಕ್ಕೆ ಹೋಗಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ‘ಇಷ್ಟನ್ನೂ ಒಂದೇ ಸಾಧನದಲ್ಲಿ’ ಎಂದು ಬರೆದಿದ್ದೀರಿ. ನನ್ನ ತಕರಾರು ಇರುವುದು ಅಲ್ಲಿಯೇ. ಎರಡು ದಶಕಗಳಿಂದ ಕೆಟ್ಟ ಡಿಸ್ಕುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತವನು ನಾನು. ಜನ ಯಾವುದಕ್ಕೆ ಹೆದರಬೇಕೋ ಅದಕ್ಕೆ ಹೆದರುವುದಿಲ್ಲ. ಆಧಾರ್ ಪ್ರತಿಗೆ ಮೂರು ಬೀಗ ಹಾಕುತ್ತಾರೆ. ಅಜ್ಜಿಯ ದನಿ ಇರುವ ಏಕೈಕ ಫೈಲನ್ನು ಜೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವಿನಲ್ಲಿ ಬಿಟ್ಟಿರುತ್ತಾರೆ.

ನಿಮ್ಮ ಗಂಟನ್ನು ಬಿಚ್ಚಿ ಎರಡು ರಾಶಿ ಮಾಡಿ. ಒಂದು ರಾಶಿಯಲ್ಲಿ ಪಹಣಿ, ಕ್ರಯಪತ್ರ, ಆಧಾರ್, ಬ್ಯಾಂಕಿನ ಕಾಗದ. ಇವು ಬೇರೆಯವರ ಕೈಗೆ ಸಿಗಬಾರದು. ಆದರೆ ಕಳೆದುಹೋದರೆ ಪ್ರಪಂಚ ಮುಳುಗುವುದಿಲ್ಲ. ಪಹಣಿ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿದೆ, ಯಾವಾಗ ಬೇಕಾದರೂ ತೆಗೆಸಬಹುದು. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಆಧಾರ್ ಮತ್ತೆ ಇಳಿಸಿಕೊಳ್ಳಬಹುದು. ಓಡಾಟ, ಶುಲ್ಕ, ಒಂದಿಷ್ಟು ಗೊಣಗಾಟ, ಅಷ್ಟೇ ನಷ್ಟ. ಇನ್ನೊಂದು ರಾಶಿಯಲ್ಲಿ ತಂದೆಯವರ ಅರ್ಥಗಾರಿಕೆ, ಮನೆಯ ಫೋಟೊ, ನಿಮ್ಮ ಬರಹ. ಇವು ಬೇರೆಯವರ ಕೈಗೆ ಸಿಕ್ಕರೆ ಏನೂ ಆಗುವುದಿಲ್ಲ, ಕಳ್ಳ ತಾಳಮದ್ದಳೆ ಕೇಳಿದರೆ ಒಳ್ಳೆಯದೇ ಆಯಿತು. ಆದರೆ ಕಳೆದುಹೋದರೆ ಯಾವ ಕಚೇರಿಯಲ್ಲಿಯೂ ನಕಲು ಸಿಗುವುದಿಲ್ಲ.

ಮೊದಲ ರಾಶಿಗೆ ಬೇಕಾದದ್ದು ಬೀಗ. ಎರಡನೆಯ ರಾಶಿಗೆ ಬೇಕಾದದ್ದು ಸಂಖ್ಯೆ, ಎಷ್ಟು ಪ್ರತಿ ಇದ್ದರೆ ಅಷ್ಟು ಒಳ್ಳೆಯದು. ಇವೆರಡೂ ಒಂದಕ್ಕೊಂದು ಆಗಿಬರುವುದಿಲ್ಲ. ಬೀಗ ಬಿಗಿಯಾದಷ್ಟೂ ಮುಂದೊಂದು ದಿನ ನಿಮ್ಮವರೇ ಹೊರಗೆ ನಿಲ್ಲುವ ಅಪಾಯ ಹೆಚ್ಚು. ಪ್ರತಿಗಳು ಹೆಚ್ಚಾದಷ್ಟೂ ಗುಟ್ಟು ಹೊರಬೀಳುವ ಅಪಾಯ ಹೆಚ್ಚು. ಎರಡನ್ನೂ ಒಂದೇ ಡಬ್ಬಿಗೆ ತುಂಬಿದರೆ ಒಂದಕ್ಕಾದರೂ ಅನ್ಯಾಯವಾಗುತ್ತದೆ.

ಬೀಗದ ಕತೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಸ್ಟೀಫನ್ ಥಾಮಸ್ ಎಂಬ ಪ್ರೋಗ್ರಾಮರ್ ಜಗತ್ಪ್ರಸಿದ್ಧ ಸಾಕ್ಷಿ. ಅವರು 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಐರನ್‌ಕೀ ಎಂಬ ಗಟ್ಟಿ ಬೀಗದ ಪೆನ್‌ಡ್ರೈವಿನಲ್ಲಿ ಇಟ್ಟಿದ್ದರು. ಪಾಸ್‌ವರ್ಡ್ ಬರೆದ ಚೀಟಿ ಕಳೆದುಹೋಯಿತು. ಆ ಸಾಧನ ಹತ್ತು ಸಲ ಮಾತ್ರ ಪ್ರಯತ್ನಿಸಲು ಬಿಡುತ್ತದೆ. 2021ರ ಜನವರಿಯಲ್ಲಿ ಈ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಎಂಟು ಸಲ ಮುಗಿದಿತ್ತು. ಸಾಧನದಲ್ಲಿ ದೋಷವೇನೂ ಇರಲಿಲ್ಲ. ಹೇಳಿದ ಕೆಲಸವನ್ನು ಅದು ಚಾಚೂ ತಪ್ಪದೆ ಮಾಡಿತು.

ಹಾಗಾಗಿ ನಿಮ್ಮ ಎರಡನೆಯ ರಾಶಿಗೆ, ಅಂದರೆ ಫೋಟೊ, ಧ್ವನಿ, ಬರಹಗಳಿಗೆ, ಪಾಸ್‌ವರ್ಡ್ ಬೇಡವೇ ಬೇಡ. ಬೆರಳಚ್ಚು ಒತ್ತಿ ತೆರೆಯುವ ಡ್ರೈವ್‌ಗಳೂ ಬೇಡ. ನಿಮ್ಮ ಬೆರಳಿಲ್ಲದ ಕಾಲಕ್ಕೂ ಅವು ತೆರೆಯಬೇಕಲ್ಲ.

ಇನ್ನು ಲೆಕ್ಕ. ತೊಂಬತ್ತು ನಿಮಿಷದ ಕ್ಯಾಸೆಟ್ ಎಂದಿಟ್ಟುಕೊಂಡರೆ ನಲವತ್ತೈದಕ್ಕೆ ಅರವತ್ತೇಳೂವರೆ ಗಂಟೆ. ಸಿ.ಡಿ. ಗುಣಮಟ್ಟದ ವೇವ್ ಫೈಲಾದರೆ ಗಂಟೆಗೆ ಸುಮಾರು 635 ಎಂಬಿ, ಒಟ್ಟು 43 ಜಿಬಿ. ಅದನ್ನೇ ಹಿಂಡಿ 128 ಕೆಬಿಪಿಎಸ್‌ನ ಎಂಪಿ3 ಮಾಡಿದರೆ 4 ಜಿಬಿಯೊಳಗೆ ಮುಗಿಯುತ್ತದೆ. ಎರಡನ್ನೂ ಇಟ್ಟುಕೊಳ್ಳಿ: ವೇವ್ ಮೂಲಪ್ರತಿ, ಎಂಪಿ3 ಹಂಚುವುದಕ್ಕೆ. ಫೋಟೊ ವಿಡಿಯೊ ಸೇರಿದರೆ 200 ಜಿಬಿ. ಇಷ್ಟಕ್ಕೆ 2 ಟಿಬಿ ಯಾಕೆ? 500 ಜಿಬಿ ಸಾಕು. ಮುಂದಿನ ಹತ್ತು ವರ್ಷದ ಮೊಮ್ಮಕ್ಕಳ ವಿಡಿಯೊಗಳನ್ನು ನೆನೆದರೆ 1 ಟಿಬಿ.

ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ ಎಂದು ಕೇಳಿದ್ದೀರಿ. ಎರಡೂ ಕೊಳ್ಳಿ ಎನ್ನುತ್ತೇನೆ, ಒಂದೊಂದು. ಇದು ಜಾಣತನದ ಉತ್ತರವಲ್ಲ. ಅವೆರಡೂ ಸಾಯುವ ಬಗೆ ಬೇರೆ ಬೇರೆ, ಅದಕ್ಕೆ ಹೇಳುತ್ತಿದ್ದೇನೆ.

ಹಾರ್ಡ್‌ಡಿಸ್ಕ್ ಒಂದು ಯಂತ್ರ. ಜೇಬಿಗೆ ಹಿಡಿಯುವ ಎರಡೂವರೆ ಇಂಚಿನ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತದೆ. ಓದುವ ತಲೆ ಅದನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಓಡುತ್ತಿರುವಾಗ ಮೇಜಿನಿಂದ ಬಿದ್ದರೆ ತಲೆ ತಟ್ಟೆಗೆ ಬಡಿಯುತ್ತದೆ. ಕತೆ ಬಹುಮಟ್ಟಿಗೆ ಮುಗಿಯುತ್ತದೆ. ಆದರೆ ಬೀಳಿಸದೆ ಇಟ್ಟುಕೊಂಡವರಿಗೆ ಅದು ಎಷ್ಟೋ ಸಲ ಹೇಳಿ ಸಾಯುತ್ತದೆ. ನಿಧಾನವಾಗುತ್ತದೆ, ಕೆಲವು ಫೈಲುಗಳು ತೆರೆಯಲು ತಿಣುಕುತ್ತವೆ, ‘ಟಿಕ್ ಟಿಕ್’ ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ಕ್ಷಣ ವೈರು ಕಿತ್ತು ತಜ್ಞರ ಬಳಿ ಒಯ್ದರೆ, ದುಡ್ಡು ಖರ್ಚಾದರೂ, ಎಷ್ಟೋ ಸಲ ಒಳಗಿನದು ಸಿಗುತ್ತದೆ. ಮತ್ತೆ ಮತ್ತೆ ಚುಚ್ಚಿ ನೋಡುವವರದೇ ತೊಂದರೆ. ಫ್ರಿಜ್‌ನಲ್ಲಿಟ್ಟು ತಂದವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ.

ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಮೂರೂ ಒಂದೇ ಮನೆತನದವು: ಫ್ಲ್ಯಾಶ್. ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ಕಂಡುಹಿಡಿದದ್ದು. ಇಲ್ಲಿ ತಿರುಗುವ ಭಾಗವಿಲ್ಲ. ಕೋಟ್ಯಂತರ ಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಅವು ಎಷ್ಟಿವೆ ಎಂಬುದರಿಂದ ಅಂಕಿಗಳನ್ನು ಓದುತ್ತಾರೆ. ಮಡಕೆಯಲ್ಲಿ ನೀರು ತುಂಬಿಟ್ಟ ಹಾಗೆಂದುಕೊಳ್ಳಿ. ಮೊದಮೊದಲು ತುಂಬಿದೆಯೇ, ಖಾಲಿಯೇ ಎಂದಷ್ಟೇ ನೋಡುತ್ತಿದ್ದರು. ಅಗ್ಗವಾಗಿಸುವ ಆಸೆಯಿಂದ ಅದೇ ಮಡಕೆಯಲ್ಲಿ ಎಂಟು ಗೆರೆ ಹಾಕಿದರು, ಅದು ಟಿಎಲ್‌ಸಿ; ಹದಿನಾರು ಗೆರೆ ಹಾಕಿದರು, ಅದು ಕ್ಯೂಎಲ್‌ಸಿ. ಗೆರೆಗಳು ಹತ್ತಿರವಾದಷ್ಟೂ ಸ್ವಲ್ಪ ಇಂಗಿದರೆ ಸಾಕು, ಓದುವುದು ತಪ್ಪುತ್ತದೆ. ಇಂಗುವುದಂತೂ ಇಂಗುತ್ತದೆ, ಬಿಸಿಯಿದ್ದರೆ ಬೇಗ, ಸವೆದಿದ್ದರೆ ಇನ್ನೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಎಂಬ ಸಂಸ್ಥೆ ನಿಗದಿ ಮಾಡಿರುವ ಮಾನದಂಡ ಹೀಗಿದೆ: ಬರೆಯುವ ಆಯಸ್ಸು ಪೂರ್ತಿ ಸವೆದ ಮೇಲೂ, ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ದತ್ತಾಂಶ ಉಳಿಯಬೇಕು. ನಿಮ್ಮದು ಹೊಸತು, ಒಂದೆರಡು ಸಲ ಮಾತ್ರ ಬರೆದದ್ದು. ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ಆದರೆ ಬೀರುವಿನಲ್ಲಿಟ್ಟು ಹದಿನೈದು ವರ್ಷ ಮರೆಯುವ ವಸ್ತು ಅದಲ್ಲ.

ಎಸ್‌ಎಸ್‌ಡಿ ಬಿದ್ದರೆ ಅಷ್ಟಾಗಿ ಏನೂ ಆಗುವುದಿಲ್ಲ, ಬಸ್ಸಿನಲ್ಲಿ ಕುಲುಕಿದರೂ ಆಗುವುದಿಲ್ಲ. ಆದರೆ ಸಾಯುವಾಗ ಮುನ್ಸೂಚನೆ ಕೊಡುವುದು ಅಪರೂಪ. ನಿನ್ನೆ ಇತ್ತು, ಇಂದು ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ. ಒಳಗಿನದನ್ನು ಹೊರತೆಗೆಯುವುದೂ ಹಾರ್ಡ್‌ಡಿಸ್ಕಿಗಿಂತ ಕಷ್ಟ. ಉಗುರಿನಷ್ಟು ಚಿಕ್ಕ ಪೆನ್‌ಡ್ರೈವ್‌ಗಳದು ಇನ್ನೂ ಕಷ್ಟ. ಅವುಗಳಲ್ಲಿ ಬಹಳಷ್ಟು ಚಿಪ್ಪು, ನಿಯಂತ್ರಕ ಎಲ್ಲ ಒಂದೇ ಎರಕ.

ಹಾಗಾಗಿ 1 ಟಿಬಿ ಹಾರ್ಡ್‌ಡಿಸ್ಕ್ ಒಂದು, ಅದು ಮನೆಯಲ್ಲಿ, ಕದಲದೆ ಇರಲಿ. 500 ಜಿಬಿ ಅಥವಾ 1 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಒಂದು, ಅದು ಮಗಳ ಮನೆಗೆ ಹೋಗಲಿ. ಎರಡೂ ಬೇರೆ ಬೇರೆ ಕಂಪನಿಯದಿರಲಿ. ಒಂದು ಮಾದರಿಯಲ್ಲಿ ದೋಷವಿದ್ದರೆ ಇನ್ನೊಂದಕ್ಕೆ ತಟ್ಟುವುದಿಲ್ಲ. ವಾರಂಟಿಯ ವರ್ಷಗಳನ್ನು ನೋಡಿ, ಆದರೆ ಒಂದು ತಿಳಿದಿರಿ: ವಾರಂಟಿಯಲ್ಲಿ ಬರುವುದು ಹೊಸ ಡಿಸ್ಕ್, ಹಳೆಯ ಫೋಟೊ ಅಲ್ಲ. ಕಂಪ್ಯೂಟರಿನಲ್ಲಿ ಇರುವುದನ್ನು ಅಳಿಸಬೇಡಿ, ಅದು ಮೂರನೆಯ ಪ್ರತಿ.

ಎರಡನ್ನೂ ಒಂದೇ ಕಡೆ ಇಡಬಾರದೆಂದು ಯಾರು ಯಾರಿಗೆ ಹೇಳಬೇಕು! ಊರಿಗೆಲ್ಲ ಇದನ್ನೇ ಸಾರುವ ನಾನು ಒಮ್ಮೆ ನನ್ನ ಎರಡೂ ಡಿಸ್ಕುಗಳನ್ನು ಒಂದೇ ಚೀಲದಲ್ಲಿಟ್ಟು, ರಾತ್ರಿ ಬಸ್ಸಿನಿಂದ ನಿದ್ದೆಗಣ್ಣಿನಲ್ಲಿ ಬರಿಗೈಯಲ್ಲಿ ಇಳಿದಿದ್ದೇನೆ. ಚೀಲ ಸಿಗಲಿಲ್ಲ. ಮೂರು ವರ್ಷದ ಫೋಟೊ ಹೋಯಿತು, ಜತೆಗೆ ಹೆಂಡತಿಯ ಎದುರು ತಜ್ಞನೆಂಬ ಮರ್ಯಾದೆಯೂ.

ಕೊಳ್ಳುವಾಗ ಡಬ್ಬಿಯ ಮೇಲೆ ಬರೆದಿರುವ ವೇಗ ನೋಡಿ ಮರುಳಾಗಬೇಡಿ. ಯುಎಸ್‌ಬಿಯ ಹೆಸರುಗಳನ್ನು ಇಟ್ಟವರಿಗೆ ಬಾರಸೆಯ ಅನುಭವ ಸಾಲದು: 2008ರಲ್ಲಿ 3.0 ಎಂದು ಬಂದದ್ದನ್ನೇ ಆಮೇಲೆ 3.1 ಜೆನ್ 1 ಎಂದರು, ಮತ್ತೆ 3.2 ಜೆನ್ 1 ಎಂದರು. ವಸ್ತು ಒಂದೇ, ಸೆಕೆಂಡಿಗೆ 5 ಗಿಗಾಬಿಟ್. ನಿಮಗೆ ಅಷ್ಟು ಧಾರಾಳ. 2.0 ಮಾತ್ರ ಬೇಡ. ಅಗ್ಗದ ಪೆನ್‌ಡ್ರೈವಿಗೆ ಸೆಕೆಂಡಿಗೆ 10 ಎಂಬಿಯಂತೆ ಬರೆದರೆ 200 ಜಿಬಿಗೆ ಐದೂವರೆ ಗಂಟೆ. ಅಷ್ಟರಲ್ಲಿ ಒಮ್ಮೆಯಾದರೂ ಕರೆಂಟು ಹೋಗುತ್ತದೆ. ಹಾರ್ಡ್‌ಡಿಸ್ಕಿಗೆ 100 ಎಂಬಿಯಂತೆ ಹಿಡಿದರೂ ಮುಕ್ಕಾಲು ಗಂಟೆಯೊಳಗೆ ಆಗುತ್ತದೆ.

ಮಗಳದು ಮ್ಯಾಕ್ ಎಂದಿರಿ. ಇದು ಸಣ್ಣ ವಿಷಯವಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು, ತಾನಾಗಿ ಬರೆಯುವುದಿಲ್ಲ. ಹಳೆಯ ಫ್ಯಾಟ್32 ಎಲ್ಲೆಡೆ ನಡೆಯುತ್ತದೆ, ಆದರೆ ಒಂದೊಂದು ಫೈಲೂ 4 ಜಿಬಿಯೊಳಗೆ ಇರಬೇಕು. ಮದುವೆಯ ವಿಡಿಯೊ ಅಲ್ಲಿ ಹಿಡಿಯುವುದಿಲ್ಲ. ಎರಡೂ ಕಡೆ ನಡೆಯುವುದು ಎಕ್ಸ್‌ಫ್ಯಾಟ್. ಮಗಳಿಗೆ ಕೊಡುವ ಎಸ್‌ಎಸ್‌ಡಿಯನ್ನು ಖಾಲಿ ಇರುವಾಗಲೇ ಎಕ್ಸ್‌ಫ್ಯಾಟ್ ಮಾಡಿ, ನಿಮ್ಮ ಹಾರ್ಡ್‌ಡಿಸ್ಕ್ ಎನ್‌ಟಿಎಫ್‌ಎಸ್‌ನಲ್ಲಿಯೇ ಇರಲಿ. ಎಕ್ಸ್‌ಫ್ಯಾಟ್‌ಗೆ ಒಂದು ದೌರ್ಬಲ್ಯವಿದೆ: ಬರೆಯುತ್ತಿರುವಾಗ ಕಿತ್ತರೆ ಸಾವರಿಸಿಕೊಳ್ಳಲು ಬೇಕಾದ, ಮಾಡುತ್ತಿದ್ದ ಕೆಲಸವನ್ನು ಗುರುತಿಟ್ಟುಕೊಳ್ಳುವ ದಿನಚರಿ ಅದರಲ್ಲಿಲ್ಲ. ‘ಇಜೆಕ್ಟ್’ ಒತ್ತಿ, ಅನುಮತಿ ಬಂದ ಮೇಲೆ ತೆಗೆಯಿರಿ.

ಮೊದಲ ರಾಶಿ, ಗುಟ್ಟಿನ ಕಾಗದಗಳು, ಒಂದೆರಡು ಜಿಬಿಯೂ ಆಗಲಿಕ್ಕಿಲ್ಲ. ನಿಮ್ಮ ಜೇಬಿಗೆ ಹೊಂದುವುದು ಇದೇ. ಒಳ್ಳೆಯ ಕಂಪನಿಯ 32 ಅಥವಾ 64 ಜಿಬಿ ಪೆನ್‌ಡ್ರೈವ್ ಎರಡು ಕೊಳ್ಳಿ. ಒಂದು ಕಡೆ ಸಾಮಾನ್ಯ ಯುಎಸ್‌ಬಿ, ಇನ್ನೊಂದು ಕಡೆ ಟೈಪ್-ಸಿ ಇರುವಂಥದ್ದಾದರೆ ಮೊಬೈಲಿಗೂ ಚುಚ್ಚಬಹುದು. ಇದಕ್ಕೆ ಬೀಗ ಬೇಕೇ ಬೇಕು. ವಿಂಡೋಸ್‌ನ ಪ್ರೊ ಆವೃತ್ತಿ ಇದ್ದರೆ ಬಿಟ್‌ಲಾಕರ್ ಎಂಬ ಬೀಗ ಅದರಲ್ಲಿಯೇ ಇದೆ, ಆದರೆ ಮಗಳ ಮ್ಯಾಕ್‌ನಲ್ಲಿ ಅದು ತಾನಾಗಿ ತೆರೆಯುವುದಿಲ್ಲ. ವೆರಾಕ್ರಿಪ್ಟ್ ಎಂಬ ಬೀಗದ ತಂತ್ರಾಂಶ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ, ಬಲವಾದದ್ದು. ಕಲಿಯಲು ಒಂದು ಸಂಜೆ ಬೇಕು. ಇಷ್ಟು ಗೋಜಲು ಬೇಡವೆನಿಸಿದರೆ 7-ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲ ಕಾಗದಗಳನ್ನೂ ಒಂದೇ ಕಟ್ಟು ಮಾಡಿ ಪಾಸ್‌ವರ್ಡ್ ಹಾಕಿ, ಫೈಲುಗಳ ಹೆಸರನ್ನೂ ಮುಚ್ಚುವ ಆಯ್ಕೆಗೆ ಗುರುತು ಹಾಕಿ. ಅದು ಬಳಸುವ ಎಇಎಸ್-256 ಬೀಗ ಸಣ್ಣಪುಟ್ಟವರಿಗೆ ಒಡೆಯುವಂಥದ್ದಲ್ಲ. ನಿಮ್ಮ ಅಗತ್ಯಕ್ಕೆ ನಾನು ಆರಿಸುವುದು ಇದನ್ನೇ.

ಪಾಸ್‌ವರ್ಡ್ ಉದ್ದವಾಗಿರಲಿ. ಮೊಮ್ಮಗನ ಹೆಸರು, ಹುಟ್ಟಿದ ವರ್ಷ ಬೇಡ. ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ಆಮೇಲೆ ಅದನ್ನು ಕಾಗದದ ಮೇಲೆ ಬರೆದು ಗಾಡ್ರೆಜ್ ಬೀರುವಿನಲ್ಲಿ ಕ್ರಯಪತ್ರದ ಜತೆಗಿಡಿ. ಹೌದು, ಕಾಗದದ ಮೇಲೆ. ಪಾಸ್‌ವರ್ಡ್ ಬರೆದಿಡಬೇಡಿ ಎಂಬ ಎಚ್ಚರಿಕೆ ಕಚೇರಿಯ ಮೇಜಿನ ಮೇಲೆ ಅಂಟಿಸುವವರಿಗೆ. ನಿಮ್ಮ ಬೀರು ಒಡೆದು ಬಂದ ಕಳ್ಳ ಚಿನ್ನ ಬಿಟ್ಟು ಚೀಟಿ ಹುಡುಕುವುದಿಲ್ಲ. ಮಗಳಿಗೂ ಒಂದು ಚೀಟಿ ಕೊಡಿ.

ದಾಖಲೆಗಳನ್ನು ಆನ್‌ಲೈನಿನಲ್ಲಿ ಇಡುವ ಸರ್ಕಾರದ ಡಿಜಿಲಾಕರ್‌ನಲ್ಲಿ ಖಾತೆ ಇಲ್ಲದಿದ್ದರೆ ತೆರೆಯಿರಿ. 2015ರಿಂದ ಇದೆ. ಇಲಾಖೆಗಳೇ ಅದರೊಳಗೆ ನೀಡಿದ ದಾಖಲೆಗಳಿಗೆ ಮೂಲದಷ್ಟೇ ಮಾನ್ಯತೆ ಉಂಟು. ನೀವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ. ಈ ವ್ಯತ್ಯಾಸ ಬಹಳ ಮಂದಿಗೆ ತಿಳಿಯದು. ಅಂದ ಹಾಗೆ, ಪೆನ್‌ಡ್ರೈವಿನಲ್ಲಿರುವ ಕ್ರಯಪತ್ರದ ಸ್ಕ್ಯಾನ್ ನೆನಪಿಗೆ ಮಾತ್ರ. ಮೂಲ ಕಾಗದಕ್ಕೆ ಅದು ಬದಲಿಯಲ್ಲ.

ಜೆರಾಕ್ಸ್ ಅಂಗಡಿಗೆ, ಡಿಟಿಪಿಗೆ ಹೋಗುವಾಗ ಈ ಪೆನ್‌ಡ್ರೈವ್ ಒಯ್ಯಬೇಡಿ. ಅದಕ್ಕೆಂದು ಒಂದು ಅಗ್ಗದ್ದು ಇಟ್ಟುಕೊಳ್ಳಿ, ಅದರಲ್ಲಿ ಮುದ್ರಿಸಬೇಕಾದ ಫೈಲು ಮಾತ್ರ ಇರಲಿ. ಅಲ್ಲಿನ ಕಂಪ್ಯೂಟರುಗಳು ದಿನಕ್ಕೆ ನೂರು ಪೆನ್‌ಡ್ರೈವ್ ನುಂಗುತ್ತವೆ. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ವೈರಸ್ಸು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಮನೆಗೆ ಬಂದ ಮೇಲೆ ಆ ಅಗ್ಗದ್ದನ್ನು ಖಾಲಿ ಮಾಡಿ.

ಈಗ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ವಿಷಯಕ್ಕೆ ಬರುತ್ತೇನೆ, ‘ನುಡಿ’ಯಲ್ಲಿರುವ ಬರಹಗಳು. ನಿಮ್ಮ ಗಂಟಿನಲ್ಲಿ ಎಲ್ಲಕ್ಕಿಂತ ಮೊದಲು ಹಾಳಾಗುವುದು ಇವು, ಡಿಸ್ಕ್ ಎಷ್ಟೇ ಗಟ್ಟಿಯಿದ್ದರೂ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪಠ್ಯ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಒಳಗಿರುವುದು ರೋಮನ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಅದರ ಮೇಲೆ ಕನ್ನಡದ ಚಿತ್ರ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಯಾವ ಭಾಷೆಯೂ ಅಲ್ಲದ ಗೀಚು ಕಾಣಿಸುತ್ತದೆ. ಮಗಳ ಮ್ಯಾಕ್‌ನಲ್ಲಿ ಒಮ್ಮೆ ತೆರೆದು ನೋಡಿ, ನನ್ನ ಮಾತು ಅರ್ಥವಾಗುತ್ತದೆ. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಆ ಫಾಂಟ್ ಯಾರ ಬಳಿ ಇರುತ್ತದೆ?

ಇದನ್ನು ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯುನಿಕೋಡ್ ಎಂಬ ಸಂಕೇತಕ್ಕೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ; ನುಡಿ, ಬರಹದ ಹೊಸ ಆವೃತ್ತಿಗಳಲ್ಲಿಯೂ ಆ ಸೌಲಭ್ಯ ಉಂಟು. ಪರಿವರ್ತಿಸಿದ ಮೇಲೆ ಒಂದು ಸಲ ಓದಿ ನೋಡಲೇಬೇಕು. ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ, ನಡುವೆ ಇದ್ದ ಇಂಗ್ಲಿಷ್ ಪದ ವಿಚಿತ್ರ ಕನ್ನಡವಾಗುತ್ತದೆ, ಅಂಕಿಗಳು ಎಡವುತ್ತವೆ. ಮೇಷ್ಟ್ರಿಗೆ ತಿದ್ದುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮುಗಿದ ಮೇಲೆ ಹಳೆಯ ಫೈಲನ್ನು ಎಸೆಯಬೇಡಿ. ಒಂದೇ ಫೋಲ್ಡರಿನಲ್ಲಿ ಮೂಲ ಫೈಲು, ಯುನಿಕೋಡ್ ಪ್ರತಿ, ಒಂದು ಪಿಡಿಎಫ್, ಜತೆಗೆ ಆ ಹಳೆಯ ಫಾಂಟಿನ ಫೈಲು, ನಾಲ್ಕನ್ನೂ ಇಡಿ. ಪಿಡಿಎಫ್ ಮಾಡುವಾಗ ಫಾಂಟನ್ನು ಒಳಗೇ ಸೇರಿಸಿದರೆ ಎಲ್ಲಿ ತೆರೆದರೂ ಬರಹ ಹಾಗೆಯೇ ಕಾಣುತ್ತದೆ. ಹೊಸ ಡಿಸ್ಕ್ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು.

ನಿಮ್ಮ ಊರಿನ ಹವೆಯನ್ನೂ ಮರೆಯುವಂತಿಲ್ಲ. ಪುಸ್ತಕದ ರಟ್ಟಿಗೆ, ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವ ಮಳೆಗಾಲ ನಿಮ್ಮದು. ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಡಿಸ್ಕ್ ಇಡಿ. ಬಣ್ಣ ಬದಲಾಗುವ ಹರಳಿನದಾದರೆ ತೇವ ಹೀರಿ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಆಗ ಬದಲಿಸಬಹುದು. ಕೆಲಸ ಮುಗಿದ ಮೇಲೆ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬೇಡಿ. ಮುಂಗಾರಿಗೆ ಮೊದಲಿನ ಸಿಡಿಲು ಒಂದೇ ಏಟಿಗೆ ಕಂಪ್ಯೂಟರನ್ನೂ ಅದಕ್ಕೆ ಜೋತುಬಿದ್ದ ಪ್ರತಿಯನ್ನೂ ಸುಡಬಲ್ಲದು. ಫೈಲುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ವೈರಸ್ಸುಗಳೂ ಸಿಕ್ಕಿಸಿರುವ ಡಿಸ್ಕನ್ನು ಬಿಡುವುದಿಲ್ಲ.

ವರ್ಷಕ್ಕೊಮ್ಮೆ ಡಬ್ಬಿ ತೆಗೆಯಲು ಒಂದು ದಿನ ಬೇಕು, ಇಲ್ಲದಿದ್ದರೆ ಮರೆಯುತ್ತೇವೆ. ಆಯುಧಪೂಜೆಯ ದಿನ ಹೇಗೂ ಕಂಪ್ಯೂಟರ್ ಒರೆಸಿ ಕುಂಕುಮ ಹಚ್ಚುತ್ತೀರಿ. ಅದರ ಹಿಂದಿನ ದಿನ ಡಿಸ್ಕ್ ಚುಚ್ಚಿ, ಹೊಸ ಫೋಟೊ ಸೇರಿಸಿ, ಹಳೆಯದರಲ್ಲಿ ಹತ್ತಾರು ಫೈಲು ತೆರೆದು ನೋಡಿ. ತಂದೆಯವರ ಒಂದು ಪ್ರಸಂಗವನ್ನಾದರೂ ಕೇಳಿ. ಮಗಳಿಗೂ ಎಸ್‌ಎಸ್‌ಡಿ ಚುಚ್ಚಿ ಒಂದಷ್ಟು ಹೊತ್ತು ಬಿಡಲು ಹೇಳಿ. ವಿದ್ಯುತ್ ಸಿಕ್ಕಾಗ ಅದು ತನ್ನ ಕೋಶಗಳನ್ನು ನೋಡಿಕೊಳ್ಳಲು ಅವಕಾಶವಾಗುತ್ತದೆ. ಕುಂಕುಮ ಮಾತ್ರ ಯುಎಸ್‌ಬಿ ತೂತಿನ ಹತ್ತಿರ ಬೇಡ, ಅದನ್ನು ಬ್ರಷ್ಷಿನಲ್ಲಿ ತೆಗೆದು ತೆಗೆದು ಸಾಕಾಗಿದೆ. ಐದಾರು ವರ್ಷಕ್ಕೊಮ್ಮೆ, ಕೆಡದಿದ್ದರೂ, ಹೊಸ ಡಿಸ್ಕಿಗೆ ವರ್ಗಾಯಿಸಿ.

ಗೂಗಲ್‌ನಲ್ಲಿ ಇಟ್ಟರೆ ಆಗದೇ ಎಂದು ನೀವು ಕೇಳಲಿಲ್ಲ, ಮಗಳು ಕೇಳುತ್ತಾಳೆ. ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲಿ ಮಿಂಚಂಚೆಯೂ ಪಾಲುದಾರ. ಮಿತಿಯಿಲ್ಲದೆ ಫೋಟೊ ತುಂಬುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಒಳಗಿನದರ ಸಮೇತ ಅಳಿಸುವ ನಿಯಮವನ್ನೂ 2023ರಲ್ಲಿ ತಂದಿದ್ದಾರೆ. ದುಡ್ಡು ಕೊಟ್ಟು ಜಾಗ ಪಡೆಯಬಹುದು. ನಾಲ್ಕನೆಯ ಪ್ರತಿಯಾಗಿ ಒಳ್ಳೆಯದು, ಒಂದೇ ಪ್ರತಿಯಾಗಿ ಕೆಟ್ಟದು. ಆದರೆ ಆ 4 ಜಿಬಿ ಎಂಪಿ3 ಉಚಿತ ಜಾಗದಲ್ಲಿಯೇ ಹಿಡಿಯುತ್ತದೆ. ಅದನ್ನು ಅಲ್ಲಿಟ್ಟು ಕೊಂಡಿಯನ್ನು ತಮ್ಮಂದಿರಿಗೆ, ದಾಯಾದಿಗಳಿಗೆ, ತಂದೆಯವರ ಜತೆ ಅರ್ಥ ಹೇಳಿದವರ ಮನೆಯವರಿಗೆ ಕಳಿಸಿ. ಹತ್ತು ಮಂದಿ ಮೊಬೈಲಿಗೆ ಇಳಿಸಿಕೊಂಡರೆ ಹತ್ತು ಊರಿನಲ್ಲಿ ಹತ್ತು ಪ್ರತಿಯಾಯಿತು, ನಿಮ್ಮ ಖರ್ಚಿಲ್ಲದೆ. ಕ್ಯಾಸೆಟ್‌ಗಳನ್ನು ಎಸೆಯಬೇಡಿ, ಇಳಿಸುವಾಗ ಎಲ್ಲೋ ಒಂದು ಬದಿ ತಪ್ಪಿದ್ದು ಐದು ವರ್ಷದ ನಂತರ ಗೊತ್ತಾಗುತ್ತದೆ.

ಫೈಲುಗಳಿಗೆ ಹೆಸರಿಡುವಾಗ ವರ್ಷ, ಊರು, ಪ್ರಸಂಗ, ಯಾರು ಯಾವ ಪಾತ್ರ ಎಂಬುದನ್ನು ಬರೆಯಿರಿ. ‘ಟ್ರ್ಯಾಕ್ 17’ ಎಂದಿದ್ದರೆ ಮೊಮ್ಮಗ ತೆರೆಯುವುದಿಲ್ಲ. ಆ ದನಿ ಯಾರದು ಎಂದು ಗುರುತಿಸಬಲ್ಲವರು ಈಗ ನೀವೊಬ್ಬರೇ ಇರಬಹುದು.

ಉಳಿದದ್ದು ಹಳೆಯ 16 ಜಿಬಿ ಪೆನ್‌ಡ್ರೈವ್. ‘ಫಾರ್ಮ್ಯಾಟ್ ಮಾಡಬೇಕೇ’ ಎಂಬುದಕ್ಕೆ ‘ಬೇಡ’ ಒತ್ತಿ. ವಿಂಡೋಸ್ ಹಾಗೆ ಕೇಳುವುದು ಫೈಲುಗಳ ಪಟ್ಟಿಯನ್ನು ಓದಲಾಗದೆ ಇದ್ದಾಗ. ಪಟ್ಟಿ ಹರಿದಿದ್ದರೂ ಒಳಗಿನ ಪುಟಗಳು ಇರುವ ಸಂಭವ ಸಾಕಷ್ಟಿದೆ. ಅದರ ಮೇಲೆ ಏನನ್ನೂ ಬರೆಯಬೇಡಿ. ಬೇರೆ ಯುಎಸ್‌ಬಿ ತೂತಿಗೆ, ಬೇರೆ ಕಂಪ್ಯೂಟರಿಗೆ ಒಮ್ಮೆ ಚುಚ್ಚಿ ನೋಡಿ. ಅಲ್ಲಿಯೂ ಹಾಗೆಯೇ ಕೇಳಿದರೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಪ್ರಯತ್ನಿಸಬಹುದು. ಸಿಕ್ಕಿದ್ದನ್ನು ಅದೇ ಪೆನ್‌ಡ್ರೈವಿಗಲ್ಲ, ಕಂಪ್ಯೂಟರಿಗೆ ಇಳಿಸಿ. ಫೈಲುಗಳ ಹೆಸರು ಮರಳುವುದಿಲ್ಲ, ಫೋಟೊಗಳು ಮರಳುತ್ತವೆ. ಮುಟ್ಟಿದರೆ ಸುಡುವಷ್ಟು ಬಿಸಿಯಾಗುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡದೆ ತೆಗೆದಿಟ್ಟು, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಕೊಡುವ ಮೊದಲು ಒಳಗೆ ಏನಿತ್ತೆಂದು ನೆನಪು ಮಾಡಿಕೊಂಡು ಒಂದು ಪಟ್ಟಿ ಬರೆಯಿರಿ. ಬೇರೆಲ್ಲಿಯೂ ಇಲ್ಲದ್ದು ಅದರಲ್ಲಿ ಇಲ್ಲವೆಂದಾದರೆ ಆ ಖರ್ಚೂ ಬೇಡ.